ಓದುಗರ ಪ್ರಶ್ನೆ: ಕೆಜಿಎಫ್‌ಗೆ ಚಿನ್ನದ ಲೋಗೋ ಸಾಕೆ?

ಪ್ರಶ್ನೆ: ಕೆಜಿಎಫ್ ಗಣಿ ಪ್ರದೇಶವನ್ನು ಜನ ಬಂದು ನೋಡುವಂಥ ಸಾಂಸ್ಕೃತಿಕ ತಾಣ ಮಾಡಬೇಕೆಂದು ನಮ್ಮ ಸಂಘ ಹೊರಟಿದೆ. ಡಿಸೈನರ್ ಒಬ್ಬರು ಚಿನ್ನದ ಗಟ್ಟಿಯ ಲೋಗೋ, ‘ಚಿನ್ನದ ನಾಡಿಗೆ ಸ್ವಾಗತ’ ಎಂಬ ಘೋಷವಾಕ್ಯ ಕೊಟ್ಟಿದ್ದಾರೆ. ಒಪ್ಪಬಹುದೆ?
– ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ಒಪ್ಪಬೇಡಿ. ಬಂದವರಿಗೆ ಚಿನ್ನ ತೋರಿಸಲು ನಿಮ್ಮಿಂದ ಆಗದು. ಗಣಿಯೊಳಗೆ ಇಳಿಸಲೂ ಆಗದು: 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದೆ. ಕರಪತ್ರದಲ್ಲಿ ಚಿನ್ನ ನೋಡಿ ಬಂದವರು ಬೀಗ ಹಾಕಿದ ಗೇಟು ನೋಡಿ ಹಿಂದಿರುಗಿದರೆ ಆ ಬೇಸರ ನಿಮ್ಮ ಲೋಗೋಗೇ ಅಂಟಿಕೊಳ್ಳುತ್ತದೆ.

ಕೆಜಿಎಫ್‌ನ ನಿಜವಾದ ಸೊತ್ತು ಅದರ ಆಳ. ಚಾಂಪಿಯನ್ ರೀಫ್ಸ್ ಗಣಿ 3.2 ಕಿಲೋಮೀಟರ್ ಕೆಳಕ್ಕೆ ಹೋಗಿತ್ತು. ಗಣಿಯ ಯಂತ್ರಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಅಷ್ಟು ಆಳ ಇದ್ದದ್ದರಿಂದಲೇ 1965ರಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ವಾತಾವರಣದಲ್ಲಿ ಹುಟ್ಟುವ, ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಗುರುತು ಸಿಕ್ಕಿತು. ಬಂಡೆ ಸಿಡಿದು ಪ್ರಾಣ ತೆಗೆಯುತ್ತಿದ್ದುದಕ್ಕೂ ಆ ಆಳದ ಒತ್ತಡವೇ ಕಾರಣ. ಈ ಮಾತು ಬೇರೆ ಊರಿನವರು ಹೇಳಿಕೊಳ್ಳಲಾರದ ಮಾತು.

ಆಳವನ್ನು ನೆಲದ ಮೇಲೇ ತೋರಿಸಬಹುದು. ಶಾಫ್ಟಿನ (ಗಣಿಗೆ ಇಳಿಯುವ ಬಾವಿಯ) ಉಕ್ಕಿನ ಗೋಪುರ ಕಾಣುವ ಒಂದು ಸಾರ್ವಜನಿಕ ಜಾಗದಿಂದ ಶುರುಮಾಡಿ, ರಸ್ತೆಯಂಚಿನಲ್ಲಿ 3.2 ಕಿಲೋಮೀಟರ್ ಅಳೆದು, 100 ಮೀಟರಿಗೊಂದರಂತೆ 32 ಕಲ್ಲು ನೆಡಿ. ನಡೆಯಲು ಮುಕ್ಕಾಲು ಗಂಟೆ ಬೇಕು. ಗಣಿ ಇಷ್ಟು ದೂರ ಕೆಳಕ್ಕೆ ಇಳಿದಿತ್ತು ಎಂಬುದು ಆಗ ಕಾಲಿಗೇ ತಿಳಿಯುತ್ತದೆ. 23ನೇ ಕಲ್ಲಿನ ಮೇಲೆ ನ್ಯೂಟ್ರಿನೊ ವಿಷಯ ಬರೆಯಿರಿ. ಕೊನೆಯ ಕಲ್ಲು ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಹತ್ತಿರ ಬರುವಂತೆ ದಾರಿ ಆರಿಸಿದರೆ ಟೀ ಅಂಗಡಿಗೂ ವ್ಯಾಪಾರ.

ದೂರವನ್ನು ಬೈಕಿನ ಮೀಟರಿನಲ್ಲಿ ಅಳೆಯಬೇಡಿ, ಅಳತೆ ಚಕ್ರ ಬಾಡಿಗೆಗೆ ತನ್ನಿ. ಕಲ್ಲನ್ನು ನೆಲಮಟ್ಟಕ್ಕೆ ಹಾಸಿದರೆ ಮುಂದಿನ ಡಾಂಬರಿನಲ್ಲಿ ಮುಚ್ಚಿಹೋಗುತ್ತದೆ. 75 ಸೆಂಟಿಮೀಟರ್ ಉದ್ದದ ಸೈಜುಗಲ್ಲು ತಂದು 30 ಹೂತು 45 ಮೇಲೆ ಬಿಡಿ. ಅಕ್ಷರ 5 ಮಿಲಿಮೀಟರಾದರೂ ಆಳವಾಗಿ ಕೆತ್ತಿಸಿ, ಬಣ್ಣ ಹೋದರೂ ನೆರಳಿನಲ್ಲಿ ಓದಬಹುದು. ರಸ್ತೆ ನಗರಸಭೆಯದೋ ಗಣಿ ನಡೆಸುತ್ತಿದ್ದ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಕಂಪನಿಯದೋ ಎಂದು ಸರ್ವೆ ನಂಬರು ನೋಡಿ, ಲಿಖಿತ ಅನುಮತಿ ಪಡೆದ ಮೇಲೆಯೇ ಗುಂಡಿ ತೋಡಿ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳನ್ನು ಫೋಟೊ ತಾಣವೆಂದು ಪ್ರಚಾರ ಮಾಡಬೇಡಿ. ಬೇಸಿಗೆಯ ಗಾಳಿಗೆ ಆ ನುಣ್ಣನೆಯ ದೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಅಲ್ಲಿಯವರು ಉಸಿರಾಡಲು ಪಡುವ ಕಷ್ಟ ನಿಮ್ಮ ಪೋಸ್ಟರಿನ ಹಿನ್ನೆಲೆಯಾಗುವುದು ತಪ್ಪು.

ಪ್ರಶ್ನೆ: ನಾಮಫಲಕಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಬೇಕೆನ್ನುತ್ತಾರೆ. ಓದಲು ಆಗುತ್ತದೆಯೆ?
– ಬಂಗಾರಪೇಟೆಯ ಓದುಗರು

ಉತ್ತರ: ಆಗುತ್ತದೆ, ಮಾತು ಕಡಿಮೆ ಮಾಡಿದರೆ. ಹತ್ತು ಮೀಟರ್ ದೂರದಿಂದ ಓದಬೇಕಾದ ಅಕ್ಷರ ಮೂರು ನಾಲ್ಕು ಸೆಂಟಿಮೀಟರ್ ಎತ್ತರವಾದರೂ ಇರಲಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ‘ಚಾಂಪಿಯನ್ ರೀಫ್ಸ್’ ಮೇಲೆ, ‘ರಾಬರ್ಟ್‌ಸನ್‌ಪೇಟೆ’ ಅದರ ಕೆಳಗೆ ಬರೆಸಿ ನೋಡಿ. ಒತ್ತು ಕೆಳಗಿನ ಸಾಲಿಗೆ ತಾಗಿದರೆ ಫಲಕವನ್ನೇ ದೊಡ್ಡದು ಮಾಡಿಸಿ. ಬಿಸಿಲಿಗೆ ಮುಖಮಾಡಿದ ವಿನೈಲ್ ಫಲಕದಲ್ಲಿ ಕೆಂಪು, ಹಳದಿ ಬೇಗ ಮಂಕಾಗುತ್ತವೆ. ಬಿಳಿಯ ಮೇಲೆ ಕಡುನೀಲಿ ಅಥವಾ ಕಪ್ಪು ಬಾಳಿಕೆ ಬರುತ್ತದೆ.

ತಮಿಳು ಬಿಡಬೇಡಿ. ಗಣಿ ತೋಡಿದವರಲ್ಲಿ ಬಹುಪಾಲು ಜನರ ಮನೆಮಾತು ಅದು. ಟಿಕೆಟ್ ಮನೆ, ಕ್ಯಾಂಟೀನಿನಂಥ ವಾಣಿಜ್ಯ ಫಲಕಗಳಿಗೆ ಮಾತ್ರ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ಬಂದ 2024ರ ತಿದ್ದುಪಡಿ ನೆನಪಿರಲಿ: ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ.

ಪ್ರಶ್ನೆ: ‘ಕೆಜಿಎಫ್’ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಬಹುದೆ?
– ಕೋಲಾರದ ಓದುಗರು

ಉತ್ತರ: ಬರಿಯ ಊರ ಹೆಸರು ಸಿಗುವುದು ಕಷ್ಟ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ಸ್ಥಳವನ್ನಷ್ಟೇ ಸೂಚಿಸುವ ಹೆಸರಿಗೆ ಅಡ್ಡ ಬರುತ್ತದೆ. ಹೆಸರಿನ ಜೊತೆ ನಿಮ್ಮದೇ ಚಿತ್ರ ಸೇರಿಸಿ, ಸೇವೆ ಯಾವ ವರ್ಗಕ್ಕೆ ಸೇರುತ್ತದೆಂದು ನಮೂದಿಸಿ ಅರ್ಜಿ ಹಾಕಿ. ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 41ನೇ ವರ್ಗ, ಪ್ರವಾಸ ಏರ್ಪಾಡಿಗೆ 39ನೇ ವರ್ಗ; ಒಂದೊಂದು ವರ್ಗಕ್ಕೂ ಶುಲ್ಕ ಬೇರೆ. ಅರ್ಜಿ ಟ್ರೇಡ್‌ಮಾರ್ಕ್ ಇಲಾಖೆಯ ಜರ್ನಲಿನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಆದ್ದರಿಂದ ಆ ಅವಧಿ ಮುಗಿಯುವವರೆಗೆ ಸಾವಿರಗಟ್ಟಲೆ ಟೀ ಶರ್ಟು ಅಚ್ಚು ಹಾಕಿಸಬೇಡಿ.