ಸಾಲ ಕೊಡುವವರಿಗೆ ಇಷ್ಟೊಂದು ನಿಯಮ ಯಾಕೆ?

ಸಣ್ಣ ಸಾಲ ಕೊಡುವ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಸಾಲಗಾರರ ಕಷ್ಟದ ಬಗ್ಗೆ ನೀವು ಆಗಾಗ ಬರೆಯುತ್ತೀರಿ. ಸಾಲ ಕೊಡುವವರ ಪಾಡು ಒಮ್ಮೆಯೂ ಬರೆದಿಲ್ಲ. ವರ್ಷಕ್ಕೊಂದು ಹೊಸ ನಿಯಮ ಬರುತ್ತದೆ. ಬಡ್ಡಿಗೆ ಮಿತಿ, ದಂಡಕ್ಕೆ ಮಿತಿ, ಫೋನ್ ಮಾಡುವುದಕ್ಕೂ ಮಿತಿ. ಒಂದು ಚಿಕ್ಕ ಸಾಲಕ್ಕೆ ಹದಿನಾಲ್ಕು ಪುಟದ ಕಾಗದ. ಹೀಗೇ ಆದರೆ ಬಡವರಿಗೆ ಸಾಲ ಕೊಡುವುದನ್ನೇ ನಿಲ್ಲಿಸಬೇಕಾಗುತ್ತದೆ. ಆಮೇಲೆ ಅವರು ಮೀಟರ್ ಬಡ್ಡಿಯವರ ಬಾಗಿಲಿಗೇ ಹೋಗಬೇಕು. ನಿಮಗೆ ಬೇಕಾಗಿರುವುದು ಇದೇನಾ?"

ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರವಾಯಿತು. "ಖಂಡಿತ ಅಲ್ಲ" ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆಯಬಹುದಿತ್ತು. ಆದರೆ ಒಂಬತ್ತು ವರ್ಷ ಈ ಕೆಲಸ ಮಾಡಿದವರಿಗೆ ಅಷ್ಟು ಹೇಳಿ ಮುಗಿಸುವುದು ನ್ಯಾಯವಲ್ಲ. ನೀವು ಹೇಳಿದ್ದರಲ್ಲಿ ಒಂದೆರಡು ಮಾತು ನಿಜ, ಅದನ್ನು ಒಪ್ಪುತ್ತೇನೆ. ಉಳಿದದ್ದಕ್ಕೆ ನನ್ನ ತಕರಾರಿದೆ.

ಮೊದಲು ಬಡ್ಡಿ ಲೆಕ್ಕ. 12,000 ಸಾಲ ಅಂದುಕೊಳ್ಳಿ. ಶೇ 12ರ ಫ್ಲಾಟ್ ಬಡ್ಡಿ, ಒಂದು ವರ್ಷ, ತಿಂಗಳಿಗೆ 1,120ರ ಹಾಗೆ 12 ಕಂತು. ಪಡೆಯುವವರು ಶೇ 12 ಅಂತಲೇ ನಂಬುತ್ತಾರೆ. ಆದರೆ ಮೊದಲ ಕಂತಿನಿಂದಲೇ ಅಸಲು ಕರಗುತ್ತಾ ಬರುತ್ತದೆ. ಕೊನೆಯ ತಿಂಗಳಲ್ಲಿ ಬಾಕಿ ಇರುವ ಅಸಲು ಸಾವಿರ ಚಿಲ್ಲರೆ. ಬಡ್ಡಿಯನ್ನು ಮಾತ್ರ ವರ್ಷಪೂರ್ತಿ 12,000ದ ಮೇಲೇ ಹಾಕಿರುತ್ತಾರೆ. ಹಾಗಾಗಿ ನಿಜವಾದ ದರ ಶೇ 21.5ರ ಹತ್ತಿರ. ಪ್ರೊಸೆಸಿಂಗ್ ಫೀ ಅಂತ 240 ಮೊದಲೇ ಮುರಿದುಕೊಂಡರೆ ಶೇ 25 ದಾಟುತ್ತದೆ. ಇದು ನಿಮಗೆ ಗೊತ್ತಿರುವ ಲೆಕ್ಕ. ಕೌಂಟರಿನ ಆಚೆ ನಿಂತವರಿಗೆ ಗೊತ್ತಿಲ್ಲ, ಅಲ್ವಾ?

ಅಮೆರಿಕದಲ್ಲಿ ಪಾಲ್ ಡಗ್ಲಾಸ್ ಎಂಬ ಸೆನೆಟರ್ ಇದ್ದರು. ಮೊದಲು ಅರ್ಥಶಾಸ್ತ್ರದ ಮೇಷ್ಟ್ರು. ಸಾಲದ ಎಲ್ಲ ಖರ್ಚನ್ನೂ ಸೇರಿಸಿ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ ಎಂದು ಒಂದೇ ಅಂಕಿಯಲ್ಲಿ ಹೇಳಬೇಕು ಎಂಬ ಮಸೂದೆಯನ್ನು ಅವರು 1960ರಲ್ಲೇ ತಂದರು. ಸಾಲ ಕೊಡುವವರ ಕಡೆಯಿಂದ ಜೋರು ವಿರೋಧ ಬಂತು. ವರ್ಷಗಳೇ ಕಳೆದರೂ ಅದು ಪಾಸಾಗಲಿಲ್ಲ. 1966ರಲ್ಲಿ ಡಗ್ಲಾಸ್ ಚುನಾವಣೆಯಲ್ಲೇ ಸೋತರು. ಇನ್ನೊಬ್ಬ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅದನ್ನು ಕೈಗೆತ್ತಿಕೊಂಡ ಮೇಲೆ, 1968ರಲ್ಲಿ 'ಟ್ರೂತ್ ಇನ್ ಲೆಂಡಿಂಗ್' ಕಾನೂನು ಬಂತು. ಒಂದು ಅಂಕಿಯನ್ನು ಸರಿಯಾಗಿ ಬರೆಯಿಸುವುದಕ್ಕೆ ಎಂಟು ವರ್ಷ ಹಿಡಿಯಿತು. ಭಾರತದ ರಿಸರ್ವ್ ಬ್ಯಾಂಕ್ ಈಗ ಎಲ್ಲ ಹೊಸ ರಿಟೇಲ್ ಸಾಲಗಳಿಗೂ ಕಡ್ಡಾಯ ಮಾಡಿರುವ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಅದೇ ಜಾತಿಯದು. 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ಅವರ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವ ಹಾಗಿಲ್ಲ. ನಿಮ್ಮ ಹದಿನಾಲ್ಕು ಪುಟದಲ್ಲಿ ಎಷ್ಟು ಬೇಕಾದರೂ ಹರಿದು ಹಾಕಿ. ಆದರೆ ಇದನ್ನು ಮಾತ್ರ ಮುಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಂತ ನಿಜವಾದ ದರ ಹೇಳಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಸಂಜೆಯೊಳಗೆ ದುಡ್ಡು ಬೇಕಾದವರು ಯಾವ ಅಂಕಿಗೂ ಸಹಿ ಹಾಕುತ್ತಾರೆ. ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಒಳ್ಳೆಯ ಸಾಲದಲ್ಲಿ ಪಡೆದವರು ತೀರಿಸಿದರೆ ಮಾತ್ರ ಕೊಟ್ಟವರಿಗೆ ಲಾಭ. ಆದರೆ ದಂಡ, ಲೇಟ್ ಫೀ, ಹಳೇ ಸಾಲ ತೀರಿಸಲು ಮತ್ತೊಂದು ಸಾಲ, ಹೀಗೆ ಸುಸ್ತಿಯಾದದ್ದರಿಂದಲೇ ಆದಾಯ ಬರತೊಡಗಿದರೆ, ಸಾಲಗಾರ ಮುಳುಗಿದರೂ ಕಂಪನಿಗೆ ಚಿಂತೆ ಇರುವುದಿಲ್ಲ. ಈಚೆಗೆ ಬಂದ ನಿಯಮಗಳಲ್ಲಿ ನನಗೆ ಮುಖ್ಯ ಅನ್ನಿಸಿದವೆಲ್ಲ ಈ ದಾರಿ ಮುಚ್ಚುವಂಥವು.

ನೀವು ಸಿಟ್ಟಾದ ದಂಡದ ನಿಯಮವನ್ನೇ ನೋಡಿ. ಕಂತು ತಪ್ಪಿದರೆ ದಂಡ ಹಾಕಬಹುದು, ಆದರೆ ಅದನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಯಬಾರದು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿತು. ದಂಡ ಇರುವುದು ಶಿಸ್ತಿಗೆ, ಆದಾಯ ಹೆಚ್ಚಿಸಿಕೊಳ್ಳುವುದಕ್ಕಲ್ಲ ಎಂದು ಕಾರಣವನ್ನೂ ಕೊಟ್ಟಿತು. ಇದರಲ್ಲಿ ತಪ್ಪೇನಿದೆ?

ತೀರಿಸುವ ಶಕ್ತಿ ಇದೆಯೋ ಇಲ್ಲವೋ ನೋಡದೆ ಸಾಲ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ವೊಂಗಾ ಕಂಪನಿ ಇದೆ. ಸಂಬಳದ ದಿನದವರೆಗಿನ ಸಾಲ ಕೊಡುತ್ತಿತ್ತು. ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ ಮಧ್ಯೆ ಬಂದ ಮೇಲೆ, 2014ರಲ್ಲಿ ಸುಮಾರು 3.3 ಲಕ್ಷ ಜನರ 22 ಕೋಟಿ ಪೌಂಡ್ ಸಾಲವನ್ನು ಅದು ಮನ್ನಾ ಮಾಡಬೇಕಾಯಿತು. ಸರಿಯಾಗಿ ವಿಚಾರಿಸಿದ್ದರೆ ಅವರಿಗೆ ಆ ಸಾಲ ಕೊಡುವಂತೆಯೇ ಇರಲಿಲ್ಲ. 2018ರಲ್ಲಿ ಕಂಪನಿ ಕುಸಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದವರೂ ನಿಮ್ಮಂತೆ ಸಂಬಳಕ್ಕೆ ದುಡಿಯುವವರೇ. ದಕ್ಷಿಣ ಆಫ್ರಿಕಾದ 2005ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿಂದುಮುಂದು ನೋಡದೆ ಕೊಟ್ಟ ಸಾಲ ಎಂದು ಕೋರ್ಟಿಗೆ ಅನ್ನಿಸಿದರೆ ಅದನ್ನು ರದ್ದು ಮಾಡಬಹುದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಬಡ್ಡಿಯ ಮಿತಿ. ಬ್ರಿಟನ್ 2015ರ ಜನವರಿಯಲ್ಲಿ ಇಂಥ ಚಿಕ್ಕ ಅವಧಿಯ ಸಾಲಗಳಿಗೆ ಮಿತಿ ಹಾಕಿತು. ಬಡ್ಡಿ, ಶುಲ್ಕ ಎಲ್ಲ ಸೇರಿ ದಿನಕ್ಕೆ ಶೇ 0.8 ಮೀರಬಾರದು. ಏನೇ ಆದರೂ ಸಾಲಗಾರರು ಅಸಲಿನ ಎರಡರಷ್ಟಕ್ಕಿಂತ ಜಾಸ್ತಿ ಕಟ್ಟುವಂತಾಗಬಾರದು. ಈ ಎರಡನೇ ಮಾತು ಓದಿದಾಗ ನನಗೆ ಹಳೆಯದೊಂದು ನೆನಪಾಯಿತು. ಇದು ನಮ್ಮ ಹಿಂದಿನವರ 'ದಾಮದುಪ್ಪಟ್ಟು' ಅಲ್ಲವೇ! ಬಾಕಿ ಬಿದ್ದ ಬಡ್ಡಿ ಅಸಲನ್ನು ಮೀರಬಾರದು ಎಂಬ ಈ ಕಟ್ಟಳೆಯ ಬೇರು ಧರ್ಮಶಾಸ್ತ್ರದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಬಾಂಬೆ ಪ್ರಾಂತದ ಕೋರ್ಟುಗಳು ಇದನ್ನು ಪಾಲಿಸುತ್ತಿದ್ದವು. ದಕ್ಷಿಣ ಆಫ್ರಿಕಾದಲ್ಲಿ ಡಚ್ಚರ ಮೂಲಕ ಬಂದ ಇಂಥದೇ ಕಟ್ಟಳೆ ಆ 2005ರ ಕಾನೂನಿನಲ್ಲೂ ಸೇರಿಕೊಂಡಿದೆ. ಒಬ್ಬರನ್ನೊಬ್ಬರು ಕಾಣದ ಜನ, ಬೇರೆ ಬೇರೆ ಕಾಲದಲ್ಲಿ, ಅಸಲಿನಷ್ಟು ಬಡ್ಡಿ ಬಂದ ಮೇಲೆ ಸಾಕು ಎಂಬಲ್ಲಿಗೇ ಬಂದು ನಿಂತಿದ್ದಾರೆ. ಹಾಗಾಗಿ ಇದನ್ನು ಯಾರೋ ಅಧಿಕಾರಿ ನಿನ್ನೆ ಕೂತು ಬರೆದ ನಿಯಮ ಎನ್ನುವುದು ನನ್ನಿಂದ ಆಗುವುದಿಲ್ಲ.

ಮಿತಿ ಬಂದ ಮೇಲೆ ಬ್ರಿಟನ್ನಿನಲ್ಲಿ ಅಂಥ ಸಾಲ ಕೊಡುವ ಕಂಪನಿಗಳು ಕಡಿಮೆಯಾದವು, ಸಾಲವೂ ಕಡಿಮೆಯಾಯಿತು. ಅಲ್ಲಿಗೆ ನಿಮ್ಮ ಮಾತು ಸರಿ. ಆದರೆ ಸಾಲ ಸಿಗದವರು ಮೀಟರ್ ಬಡ್ಡಿಯಂಥವರ ಕಡೆ ಹೋದರೇ? ಎಫ್‌ಸಿಎ 2017ರಲ್ಲಿ ಇದನ್ನು ಪರಿಶೀಲಿಸಿತು. ಹಾಗೆ ಹೋದರು ಎನ್ನುವುದಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ, ಮಿತಿಯನ್ನು ಹಾಗೇ ಉಳಿಸಿತು. ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದು ನಾನು ವಾದಿಸುವುದಿಲ್ಲ. ಮಿತಿ ತೀರಾ ಕೆಳಗಿದ್ದರೆ ನೀವು ಹೆದರುವುದೇ ಆಗಬಹುದು. ಚಿಕ್ಕ ಸಾಲಕ್ಕೂ ದೊಡ್ಡ ಸಾಲಕ್ಕೂ ಓಡಾಟ, ಪರಿಶೀಲನೆ ಹೆಚ್ಚುಕಡಿಮೆ ಅಷ್ಟೇ. ಆ ಖರ್ಚು ಚಿಕ್ಕ ಸಾಲದ ಮೇಲೆ ಜಾಸ್ತಿ ಬೀಳುತ್ತದೆ. ಮಿತಿ ಹಾಕುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಫೋನಿನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಕಚೇರಿಯ ಹುಡುಗಿಯೊಬ್ಬಳು ಒಂದು ಆ್ಯಪ್‌ನಲ್ಲಿ ಸಾಲ ತೆಗೆದುಕೊಂಡಿದ್ದಳು. ಒಂದು ಕಂತು ತಪ್ಪಿತು. ಮಾರನೆಯ ದಿನ ಫೋನ್ ಬಂದದ್ದು ನನಗೆ. "ಅವರು ನಿಮ್ಮ ಕೈಕೆಳಗೆ ಕೆಲಸ ಮಾಡ್ತಾರಲ್ವಾ? ದುಡ್ಡು ಕಟ್ಟೋಕೆ ಹೇಳಿ." ಮಧ್ಯಾಹ್ನದ ಹೊತ್ತಿಗೆ ಇನ್ನೂ ಮೂವರಿಗೆ ಅದೇ ಫೋನ್. ಅವಳ ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಆ ಆ್ಯಪ್ ಎತ್ತಿಕೊಂಡಿತ್ತು. ಅವಳು ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟು, ಅದು ನಡುಗಿದಾಗಲೆಲ್ಲ ಅದರ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದಳು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಸಾಲದ ಆ್ಯಪ್‌ಗಳು ಮೊಬೈಲಿನ ಕಾಂಟ್ಯಾಕ್ಟ್, ಫೋಟೋ, ಕಾಲ್ ಪಟ್ಟಿ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದಾಗ ನನಗೆ ಅವಳೇ ನೆನಪಾದಳು. ಅಮೆರಿಕದಲ್ಲಿ 1977ರಿಂದಲೇ ವಸೂಲಿ ಏಜೆಂಟರಿಗೆ ಹೊತ್ತುಗೊತ್ತಿನ ಕಟ್ಟು ಇದೆ. 2021ರ ಕೊನೆಯಿಂದ ಒಂದು ಸಾಲಕ್ಕೆ ಏಳು ದಿನದಲ್ಲಿ ಏಳಕ್ಕಿಂತ ಹೆಚ್ಚು ಸಲ ಫೋನ್ ಮಾಡಿದರೆ ಅದನ್ನು ಕಾಟ ಅಂತಲೇ ಎಣಿಸಬಹುದು. ನೀವು ಸಭ್ಯವಾಗಿ ಫೋನ್ ಮಾಡುವವರು ಎಂದು ನಂಬುತ್ತೇನೆ. ಹಾಗಿದ್ದರೆ ಈ ನಿಯಮ ನಿಮ್ಮನ್ನು ಕಟ್ಟುವುದಿಲ್ಲ. ಅಸಭ್ಯವಾಗಿ ಮಾಡುವವರು ನಿಮ್ಮ ಗಿರಾಕಿಯ ದುಡ್ಡನ್ನು ಮೊದಲು ಕಿತ್ತುಕೊಂಡು ಹೋಗದಂತೆ ತಡೆಯುತ್ತದೆ.

'ಈಗ ಕೊಳ್ಳಿ, ಆಮೇಲೆ ಕೊಡಿ' ಎನ್ನುವವರಿಗೆ ಯಾವ ನಿಯಮವೂ ಇಲ್ಲ, ಎಲ್ಲ ನಮಗೇ ಎಂದೂ ಬರೆದಿದ್ದೀರಿ. ಆ ಕಾಲ ಮುಗಿಯುತ್ತಾ ಬಂದಿದೆ. ಆಸ್ಟ್ರೇಲಿಯಾದಲ್ಲಿ 2025ರ ಜೂನ್ 10ರಿಂದ ಅವರಿಗೂ ಸಾಲದ ಲೈಸೆನ್ಸ್ ಬೇಕು. ಬ್ರಿಟನ್ 2026ರ ಜುಲೈ 15, ಐರೋಪ್ಯ ಒಕ್ಕೂಟ 2026ರ ನವೆಂಬರ್ 20 ಎಂದು ದಿನ ಗೊತ್ತು ಮಾಡಿದವು.

ಉಳಿದದ್ದು ನಿಮ್ಮ ಹದಿನಾಲ್ಕು ಪುಟ. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಯಾರೂ ಓದದ ಕಾಗದದಿಂದ ಸಾಲಗಾರರಿಗೆ ಕಾವಲಿಲ್ಲ, ನಿಮ್ಮ ಅರ್ಧ ದಿನ ಸುಮ್ನೆ ಹಾಳು. ಅದರಲ್ಲಿ ಯಾವ ಪುಟ ನಿಯಮ ಕೇಳಿದ್ದು, ಯಾವುದು ನಿಮ್ಮ ಕಂಪನಿ ತಾನಾಗಿ ಸೇರಿಸಿದ್ದು ಎಂದು ಗುರುತು ಹಾಕಿ ನನಗೆ ಕಳಿಸುತ್ತೀರಾ? ಸಾಲಗಾರರ ವಿವರವಿಲ್ಲದ ಖಾಲಿ ಫಾರಂ ಸಾಕು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿದ್ದೇನೆ. ಅದರಲ್ಲೂ ನಿಮ್ಮ ಹೆಸರು ಹಾಕುವುದಿಲ್ಲ.

– ಸಂಪಾದಕ