ಚೇಂಬರಿನ ಬಾಗಿಲು ಮುಚ್ಚಿದ ಮೇಲೆ

ಶಿರಸಿ ಸೀಮೆಯ ಓದುಗರೊಬ್ಬರ ಪತ್ರ: “ನನ್ನ ತಂಗಿಯ ಮಗಳು ಕರಾವಳಿಯ ಒಂದು ನ್ಯಾಯಾಲಯದಲ್ಲಿ ಕೆಲಸದಲ್ಲಿದ್ದಾಳೆ. ಎಲ್ಲರೂ ಮನೆಗೆ ಹೋದ ಮೇಲೂ ಸಾಹೇಬರು ಕೆಲಸವಿದೆ ಎಂದು ಅವಳನ್ನು ಚೇಂಬರಿನಲ್ಲಿ ಕೂರಿಸಿಕೊಳ್ಳುತ್ತಾರೆ. ಉಡುಗೆಯ ಬಗ್ಗೆ ಮಾತಾಡುತ್ತಾರೆ, ರಾತ್ರಿ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಮರುದಿನ ಎಲ್ಲರೆದುರು ಫೈಲು ಎಸೆದು ಬೈಯುತ್ತಾರೆ. ಮೈ ಮುಟ್ಟಿಲ್ಲ. ಕೊನೆಯ ಫೋನ್ ಬಂದದ್ದು ಚೌತಿಯ ಹಿಂದಿನ ರಾತ್ರಿ. ನ್ಯಾಯಾಧೀಶರ ಮೇಲೆ ದೂರು ಕೊಡಲು ಸಾಧ್ಯವೇ? ನೀರಿನಲ್ಲಿದ್ದು ಮೊಸಳೆಯೊಂದಿಗೆ ಹಗೆ ಬೇಡ, ಅಡಿಕೆಯ ಕೊನೆ ಕೊಯ್ಲು ಮುಗಿದ ಮೇಲೆ ಯಾರನ್ನಾದರೂ ಹಿಡಿದು ವರ್ಗ ಮಾಡಿಸೋಣ ಎಂದು ಮನೆಯವರು ಹೇಳುತ್ತಿದ್ದಾರೆ.”

ಸಂಪಾದಕರ ಉತ್ತರ

ನಿಮ್ಮ ಪತ್ರದಲ್ಲಿದ್ದ ಊರು, ಹೆಸರು, ಹುದ್ದೆಯ ವಿವರ ಎಲ್ಲವನ್ನೂ ಅಳಿಸಿ ಅಚ್ಚು ಹಾಕಿದ್ದೇನೆ. ದೂರುದಾರಳ ಗುರುತು ಬಯಲು ಮಾಡುವುದನ್ನು ಕಾನೂನು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ನಮ್ಮ ಜಿಲ್ಲೆಯ ತಾಲೂಕು ನ್ಯಾಯಾಲಯಗಳಲ್ಲಿ ಇರುವುದೇ ಬೆರಳೆಣಿಕೆಯ ಸಿಬ್ಬಂದಿ. ಒಂದು ಸುಳಿವು ಸಿಕ್ಕಿದರೂ ಬಾರ್ ರೂಮಿನಲ್ಲಿ ಸಂಜೆಯೊಳಗೆ ಅವಳ ಹೆಸರು ಓಡಾಡುತ್ತದೆ.

ದೂರು ಕೊಡಬಹುದು. ಮೈ ಮುಟ್ಟಿರಲೇಬೇಕು ಎಂದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಬೇಡವಾದ ಮಾತು, ಸನ್ನೆಗಳನ್ನೂ ಕಿರುಕುಳವೆಂದೇ ಎಣಿಸುತ್ತದೆ. ಅದಕ್ಕೆ ಒಲಿಯದವಳನ್ನು ಕೆಲಸದಲ್ಲಿ ಹೀನಾಯವಾಗಿ ಕಾಣುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದುದರಿಂದ ರಾತ್ರಿಯ ಫೋನನ್ನೂ ಮರುದಿನದ ಬೈಗುಳವನ್ನೂ ಬೇರೆಬೇರೆ ಮಾಡಿ ನೋಡಬೇಡಿ. ಅವೆರಡರ ನಂಟೇ ಅವಳ ದೂರಿನ ಜೀವಾಳ.

ಮನೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಬೇರೆ ಕಚೇರಿಯಲ್ಲಿ ಮೇಲಧಿಕಾರಿ ಕಾಡಿದರೆ ನ್ಯಾಯಾಲಯಕ್ಕೆ ಹೋಗುತ್ತೇವೆ. ಇಲ್ಲಿ ನ್ಯಾಯಾಲಯವೇ ಕಚೇರಿ. ರಜೆ ಮಂಜೂರು ಮಾಡುವವರು, ವಾರ್ಷಿಕ ವರದಿ ಬರೆಯುವವರು, ನೋಟಿಸು ಕೊಡುವವರು ಎಲ್ಲರೂ ನ್ಯಾಯಾಧೀಶರೇ. ಸಿಬ್ಬಂದಿಯ ಅರ್ಜಿ ‘ಮೇಲಧಿಕಾರಿಗಳ ಮುಖಾಂತರ’ ಹೋಗಬೇಕೆಂಬ ರೂಢಿ ಬೇರೆ ಇದೆ. ಈ ದೂರಿಗೆ ಆ ದಾರಿ ಬೇಡ. ಶಿರಸ್ತೇದಾರರ ಕೈಗೂ ಕೊಡುವುದು ಬೇಡ, ಟಪಾಲು ಪುಸ್ತಕಕ್ಕೂ ಹಾಕುವುದು ಬೇಡ. ಇಂಥ ದೂರುಗಳನ್ನು ವಿಚಾರಿಸಲೆಂದೇ ಇರುವ ಜಿಲ್ಲಾ ನ್ಯಾಯಾಲಯದ ಆಂತರಿಕ ಸಮಿತಿಯ ಅಧ್ಯಕ್ಷೆಗೆ ನೇರವಾಗಿ ಬರೆಯಲಿ. ಒಂದು ಪ್ರತಿಯನ್ನು ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಲಿ. ಸಂವಿಧಾನದ 235ನೇ ವಿಧಿಯ ಪ್ರಕಾರ ಜಿಲ್ಲಾ ನ್ಯಾಯಾಧೀಶರೂ ಅವರ ಕೆಳಗಿನವರೂ ಹೈಕೋರ್ಟಿನ ಹತೋಟಿಯಲ್ಲಿದ್ದಾರೆ. ಇಲಾಖಾ ವಿಚಾರಣೆ, ಅಮಾನತು, ವಜಾಕ್ಕೆ ಶಿಫಾರಸು ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಅದಕ್ಕಾಗಿ ಅರಬೈಲು ಘಟ್ಟ ಹತ್ತಿ ಹೈಕೋರ್ಟಿನ ಪೀಠವಿರುವ ಧಾರವಾಡಕ್ಕೆ ಅಲೆಯಬೇಕಾಗಿಲ್ಲ.

ಮೂಕರ್ಜಿ ಮಾತ್ರ ಬೇಡ. ಸೋತ ಕಕ್ಷಿದಾರರು ಸಿಟ್ಟಿಗೆ ಬರೆಯುವ ಹೆಸರಿಲ್ಲದ ಪತ್ರಗಳ ರಾಶಿಯಲ್ಲಿ ಇದೂ ಸೇರಿಹೋಗುತ್ತದೆ. ದಿನಾಂಕ, ಹೊತ್ತು, ಆಡಿದ ಮಾತು, ಫೋನಿನಲ್ಲಿ ಉಳಿದಿರುವ ಕರೆಗಳ ವಿವರ, ಫೈಲು ಎಸೆದಾಗ ಯಾರು ಎದುರಿಗಿದ್ದರು, ಇಷ್ಟನ್ನೂ ಬರೆದು ಸಹಿ ಹಾಕಲಿ. ಬರೆಯಲು ಆಗದಿದ್ದರೆ ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ ನಡೆಯುವಾಗ ಅವಳು ಕೇಳಿಕೊಂಡರೆ ವರ್ಗಾವಣೆಗೋ ಮೂರು ತಿಂಗಳವರೆಗಿನ ಹೆಚ್ಚುವರಿ ರಜೆಗೋ ಸಮಿತಿ ಶಿಫಾರಸು ಮಾಡಬಹುದು. ಆರೋಪವನ್ನು ರುಜುವಾತುಪಡಿಸಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಶಿಕ್ಷಿಸುವಂತಿಲ್ಲ.

ನೆರೆಯ ಗೋವಾದಿಂದ ಬಂದ ಒಂದು ಮೊಕದ್ದಮೆಯನ್ನು ಇಲ್ಲಿ ಹೇಳಲೇಬೇಕು. ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಇಂಥದೇ ಆರೋಪದ ಮೇಲೆ ವಜಾ ಆಗಿದ್ದರು. ವಿಚಾರಣೆಯನ್ನು ಅವಸರದಲ್ಲಿ ಮುಗಿಸಿದ್ದಾರೆಂಬ ಕಾರಣಕ್ಕೆ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಆ ವಜಾವನ್ನು ರದ್ದುಗೊಳಿಸಿ, ವಿಚಾರಣೆಯನ್ನು ಮತ್ತೆ ನಡೆಸಲು ಹೇಳಿತು. ಹತ್ತು ವರ್ಷ ಕಳೆದರೂ ಕಾಯ್ದೆ ಸರಿಯಾಗಿ ಜಾರಿಯಾಗಿಲ್ಲ ಎಂದು ನೊಂದುಕೊಂಡು, ಹೈಕೋರ್ಟು ಮತ್ತು ಜಿಲ್ಲಾ ನ್ಯಾಯಾಲಯಗಳ ಸಮಿತಿಗಳ ಸದಸ್ಯರಿಗೂ ತರಬೇತಿ ಕೊಡಬೇಕೆಂದು ಅದೇ ತೀರ್ಪಿನಲ್ಲಿ ಸೂಚಿಸಿತು. ಆದುದರಿಂದ ಆರೋಪಿ ಸಾಹೇಬರ ಮಾತನ್ನೂ ಸಮಿತಿ ಪೂರ್ತಿ ಕೇಳಬೇಕು. ಇಲ್ಲದಿದ್ದರೆ ನಿಮ್ಮ ಹುಡುಗಿ ಎರಡನೆಯ ಸಲ ಅದೇ ಸಂಕಟವನ್ನು ಹೇಳಬೇಕಾಗುತ್ತದೆ.

ಮೇಲೆ ಹೋದಂತೆ ದಾರಿ ಕಿರಿದಾಗುತ್ತದೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ನ್ಯಾಯಮೂರ್ತಿಗಳನ್ನು ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಅದಕ್ಕಿಂತ ಸಣ್ಣ ಶಿಕ್ಷೆ ಸಂವಿಧಾನದಲ್ಲಿಲ್ಲ. ಉಳಿದದ್ದು ನ್ಯಾಯಾಂಗವೇ 1999ರಲ್ಲಿ ಒಪ್ಪಿಕೊಂಡ, ನ್ಯಾಯಮೂರ್ತಿಗಳ ಮೇಲಿನ ದೂರನ್ನು ನ್ಯಾಯಮೂರ್ತಿಗಳೇ ವಿಚಾರಿಸುವ ಒಳವಿಚಾರಣೆಯ ಕ್ರಮ. 2019ರಲ್ಲಿ ಸುಪ್ರೀಂ ಕೋರ್ಟಿನ ಮಾಜಿ ಉದ್ಯೋಗಿಯೊಬ್ಬರು ಆಗಿನ ಮುಖ್ಯ ನ್ಯಾಯಮೂರ್ತಿಗಳ ಮೇಲೆ ದೂರು ಕೊಟ್ಟರು. ಅವರು ಆರೋಪವನ್ನು ನಿರಾಕರಿಸಿದರು. ವಕೀಲರ ನೆರವು ಸಿಗದೆ ಆಕೆ ವಿಚಾರಣೆಯಿಂದ ಹೊರನಡೆದರು, ನ್ಯಾಯಮೂರ್ತಿಗಳ ಸಮಿತಿ ದೂರಿನಲ್ಲಿ ಹುರುಳಿಲ್ಲ ಎಂದಿತು. ವರದಿ ಹೊರಬರಲಿಲ್ಲ. ಮರುವರ್ಷ ಆಕೆಯನ್ನು ಕೆಲಸಕ್ಕೆ ಮರಳಿ ಸೇರಿಸಿಕೊಂಡರು. ಯಾರ ಮಾತು ನಿಜ ಎಂದು ನಾನು ತೀರ್ಪು ಕೊಡಲಾರೆ. ಕಾರಣಗಳನ್ನು ಓದಲು ಬಿಡದ ವರದಿ ದೂರಿದವರಿಗೂ ನ್ಯಾಯ ಕೊಡುವುದಿಲ್ಲ, ದೂರಿಗೊಳಗಾದವರ ಮೇಲಿನ ಕಳಂಕವನ್ನೂ ತೊಳೆಯುವುದಿಲ್ಲ. 2019ರಲ್ಲೇ ಅಮೆರಿಕದ ಕಾನ್ಸಾಸ್‌ನಲ್ಲಿ ಮಹಿಳಾ ಸಿಬ್ಬಂದಿಗೆ ಕಿರುಕುಳ ಕೊಟ್ಟ ಫೆಡರಲ್ ನ್ಯಾಯಾಧೀಶರೊಬ್ಬರಿಗೆ ಅಲ್ಲಿನ ನ್ಯಾಯಾಂಗ ಮಂಡಳಿ ಹೆಸರು ಹೇಳಿ, ಕಾರಣ ಬರೆದು, ಬಹಿರಂಗವಾಗಿ ಛೀಮಾರಿ ಹಾಕಿತು. ಕೆಲವು ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟರು.

ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆ ಬರುತ್ತದೆ ಎನ್ನುವವರು ನಿಮಗೂ ಸಿಗುತ್ತಾರೆ. ಆ ಸ್ವಾತಂತ್ರ್ಯ ಇರುವುದು ತೀರ್ಪು ಬರೆಯುವ ಕೈಗೆ. ರಾತ್ರಿ ಹತ್ತಕ್ಕೆ ಸಿಬ್ಬಂದಿಯ ಹುಡುಗಿಗೆ ಫೋನ್ ಮಾಡುವ ಕೈಗಲ್ಲ.

ಇನ್ನು ವರ್ಗಾವಣೆಯ ಮಾತು. ಯಾರನ್ನೋ ಹಿಡಿದು ಅವಳನ್ನು ಬೇರೆ ಊರಿಗೆ ಕಳುಹಿಸಿದರೆ ಆ ಕುರ್ಚಿಗೆ ಇನ್ನೊಬ್ಬರ ಮಗಳು ಬರುತ್ತಾಳೆ. ಆದರೂ ಸಹಿ ಅವಳದು, ನಿರ್ಧಾರವೂ ಅವಳದೇ ಆಗಬೇಕು. ನೀವಾಗಲಿ ನಾನಾಗಲಿ ದೂಡಬಾರದು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಚೌತಿಯ ಹಿಂದಿನ ರಾತ್ರಿಯಿಂದ ಎಣಿಸಿದರೆ ದೀಪಾವಳಿಯ ನಂತರ ಉಳಿಯುವುದು ಕೆಲವೇ ವಾರ. ಕೊನೆ ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಅವಳನ್ನು ಈ ಭಾನುವಾರವೇ ಮನೆಗೆ ಕರೆಸಿ, ಈ ಪುಟವನ್ನು ಓದಲು ಕೊಡಿ.