ವೀಣೆಯ ಸ್ಯಾಂಪಲ್‌ನಲ್ಲಿ ಎಡಗೈ ಎಲ್ಲಿದೆ?

ಕಂಪ್ಯೂಟರಿನಲ್ಲಿ ನುಡಿಸುವ ವಾದ್ಯಗಳ ಬಗ್ಗೆ, ಅಂದರೆ ನಿಜವಾದ ವಾದ್ಯದ ಒಂದೊಂದು ನಾದವನ್ನೂ ಧ್ವನಿಮುದ್ರಿಸಿ ಕೀಬೋರ್ಡಿನ ಮನೆಗಳಿಗೆ ಹಂಚಿಟ್ಟ ಸ್ಯಾಂಪಲ್ ಲೈಬ್ರರಿಗಳ ಬಗ್ಗೆ, ಈ ಸಲ ಹೆಚ್ಚು ಪತ್ರಗಳು ಬಂದಿವೆ. ನಮ್ಮ ವಾದ್ಯಗಳಿಗೆ ಎಂಥ ಹೊಸ ಲೈಬ್ರರಿ ಬರಬೇಕು ಎಂಬ ಹಂಬಲ ಅವೆಲ್ಲದರಲ್ಲೂ ಇದೆ. ಅವುಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಕಿರುಚಿತ್ರಗಳಿಗೆ ಸಂಗೀತ ಹೊಂದಿಸುತ್ತೇನೆ. ಹಣ ಕೊಟ್ಟು ವೀಣೆಯ ಲೈಬ್ರರಿಯೊಂದನ್ನು ತರಿಸಿಕೊಂಡೆ. ಒಂದೊಂದೇ ಮನೆ ಒತ್ತಿದಾಗ ಅಪ್ಪಟ ವೀಣೆಯ ನಾದವೇ ಕೇಳುತ್ತದೆ. ಆದರೆ ತೋಡಿ ರಾಗದ ನಾಲ್ಕು ಸ್ವರಗಳನ್ನು ನುಡಿಸಿದ ಕೂಡಲೇ ಅದು ವೀಣೆಯಾಗಿ ಉಳಿಯುವುದಿಲ್ಲ. ತಪ್ಪು ನನ್ನ ಕೈಯದೋ, ಲೈಬ್ರರಿಯದೋ? (ಹಾಸನದ ಓದುಗರು)

ಉತ್ತರ: ನಿಮ್ಮ ಕೈಯದಲ್ಲ. ನೀವು ಕೊಂಡ ಲೈಬ್ರರಿಯಲ್ಲಿ ವೈಣಿಕರ ಬಲಗೈ ಇದೆ, ಎಡಗೈ ಇಲ್ಲ. ಮೀಟುವುದು ಬಲಗೈಯ ಕೆಲಸ. ಮೀಟಿದ ಮೇಲೆ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆದು, ಸಡಿಲಿಸಿ, ತೂಗಿ ರಾಗವನ್ನು ಹುಟ್ಟಿಸುವುದು ಎಡಗೈಯ ಕೆಲಸ. ತೋಡಿಯ ಗಾಂಧಾರವನ್ನೇ ನೋಡಿ. ವೈಣಿಕರು ಸಾಮಾನ್ಯವಾಗಿ ಶುದ್ಧ ರಿಷಭದ ಮೆಟ್ಟಿಲಿನ ಮೇಲೆ ಬೆರಳಿಟ್ಟು, ತಂತಿಯನ್ನು ಮಧ್ಯಮದ ಕಡೆಗೆ ಎಳೆದು ತೂಗುತ್ತಾರೆ. ಗಾಂಧಾರವೆಂದು ನಾವು ಕೇಳುವುದು ಆ ತೂಗಾಟವನ್ನೇ ಹೊರತು ಅದರ ನಡುವೆ ಎಲ್ಲೋ ನಿಂತ ಒಂದು ಬಿಂದುವನ್ನಲ್ಲ. ನಿಮ್ಮ ಕೀಬೋರ್ಡಿನಲ್ಲಿ ಗಾಂಧಾರಕ್ಕೆ ಒಂದು ಮನೆಯಿದೆ. ಆ ಮನೆಯಲ್ಲಿರುವುದು ನಿಂತ ಗಾಂಧಾರ. ಅದನ್ನು ಎಷ್ಟು ಒಳ್ಳೆಯ ಮೈಕ್ರೊಫೋನಿನಲ್ಲಿ ಹಿಡಿದಿದ್ದರೂ ಅದು ತೋಡಿಗೆ ಸೇರದು.

ಸ್ವರವನ್ನು ಏರಿಳಿಸುವ ಪಿಚ್ ಬೆಂಡ್ ಗಾಲಿಯನ್ನು ತಿರುಗಿಸಿ ನೋಡಿರುತ್ತೀರಿ. ಅಲ್ಲಿ ಎರಡು ತೊಡಕುಗಳಿವೆ. ಕೀಬೋರ್ಡುಗಳೂ ಕಂಪ್ಯೂಟರುಗಳೂ ಪರಸ್ಪರ ಮಾತಾಡುವ ಮಿಡಿ ಎಂಬ ಪದ್ಧತಿ 1983ರಲ್ಲಿ ಬಂತು. ಅದರಲ್ಲಿ ಆ ಗಾಲಿಯ ವ್ಯಾಪ್ತಿ ರೂಢಿಯಂತೆ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನಗಳು ಮಾತ್ರ (ಕೀಬೋರ್ಡಿನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವೇ ಒಂದು ಸ್ವರಸ್ಥಾನ). ಶುದ್ಧ ರಿಷಭದಿಂದ ಶುದ್ಧ ಮಧ್ಯಮಕ್ಕೆ ನಾಲ್ಕು ಸ್ವರಸ್ಥಾನಗಳ ದೂರವಿದೆ. ವ್ಯಾಪ್ತಿಯನ್ನು ಸೆಟ್ಟಿಂಗ್‌ನಲ್ಲಿ ಹಿಗ್ಗಿಸಬಹುದು, ಅದು ಸುಲಭ. ಎರಡನೆಯ ತೊಡಕು ಆಳದ್ದು. ವೈಣಿಕರು ತಂತಿಯನ್ನು ಎಳೆದಾಗ ತಂತಿಯ ಸ್ವರವಷ್ಟೇ ಏರುತ್ತದೆ. ಹಲಸಿನ ಮರದ ಕೊಡವಾಗಲಿ, ದಂಡಿಯಾಗಲಿ ಇದ್ದಂತೆಯೇ ಇರುತ್ತವೆ, ಆ ಮರದ ಅನುರಣನ ಕದಲುವುದಿಲ್ಲ. ಈ ಲೈಬ್ರರಿಗಳನ್ನು ನುಡಿಸುವ ತಂತ್ರಾಂಶವಾದ ಸ್ಯಾಂಪ್ಲರ್ ಮಾಡುವುದು ಬೇರೆ: ಧ್ವನಿಮುದ್ರಿತ ನಾದವನ್ನು ಇಡಿಯಾಗಿ ವೇಗವಾಗಿ ಓಡಿಸಿ ಸ್ವರವನ್ನು ಏರಿಸುತ್ತದೆ. ತಂತಿಯ ಜೊತೆಗೆ ಕೊಡದ ಅನುರಣನವೂ ಏರುತ್ತದೆ. ಹಾಗಾಗಿ ಒಂದು ಗಮಕದ, ಅಂದರೆ ಸ್ವರದ ಇಂಥ ಒಂದು ತೂಗಾಟದ, ಅವಧಿಯಲ್ಲಿ ವೀಣೆಯೇ ಕುಗ್ಗಿ ಮತ್ತೆ ಹಿಗ್ಗಿದಂತೆ ಕಿವಿಗೆ ಬೀಳುತ್ತದೆ. ನಿಮಗೆ ಏನೋ ಸರಿಯಿಲ್ಲ ಎನಿಸಿದ್ದು ಇದೇ.

ನಾನೂ ಒಮ್ಮೆ ಈ ತಪ್ಪನ್ನು ಮಾಡಿದ್ದೇನೆ. ಮೈಸೂರಿನ ಬಾಡಿಗೆ ಕೋಣೆಯೊಂದರಲ್ಲಿ, ಫ್ಯಾನ್ ನಿಲ್ಲಿಸಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ಹಿರಿಯ ವೈಣಿಕರೊಬ್ಬರನ್ನು ಕೂರಿಸಿಕೊಂಡು ಒಂದೊಂದು ಮೆಟ್ಟಿಲಿನ ನಾದವನ್ನೂ ಅಲುಗದಂತೆ ನುಡಿಸಿ ಕೊಡಬೇಕೆಂದು ಕೇಳಿಕೊಂಡೆ. ಷಡ್ಜ, ಪಂಚಮಗಳು ಸಲೀಸಾಗಿ ಬಂದವು. ಸಾಧಾರಣ ಗಾಂಧಾರಕ್ಕೆ ಬಂದಾಗ, ಅವರು ಎಷ್ಟೇ ಎಚ್ಚರ ವಹಿಸಿದರೂ, ಮೀಟಿದ ಅರೆಕ್ಷಣಕ್ಕೆ ತೋರುಬೆರಳು ತಾನಾಗಿ ತಂತಿಯನ್ನು ಎಳೆಯುತ್ತಿತ್ತು. ಹನ್ನೊಂದು ಸಲ ಮೀಟಿದ ಮೇಲೆ ಅವರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೀಗೆ ಸುಮ್ಮನೆ ನಿಂತ ಗಾಂಧಾರವನ್ನು ತಾವು ಜೀವನದಲ್ಲಿ ನುಡಿಸಿಯೇ ಇಲ್ಲವೆಂದರು. ನಾನು ಬಿಸಾಡಿದ ಆ ಹನ್ನೊಂದು ಮುದ್ರಣಗಳೇ ನಿಜವಾಗಿ ಬೇಕಾಗಿದ್ದ ಸ್ಯಾಂಪಲ್‌ಗಳಾಗಿದ್ದವೆಂದು ಅರಿವಾಗಲು ನನಗೆ ಬಹಳ ಕಾಲ ಹಿಡಿಯಿತು.

ಆದ್ದರಿಂದ ಹೊಸ ಲೈಬ್ರರಿಯಲ್ಲಿ ನೀವು ಕೇಳಬೇಕಾದದ್ದು ಸ್ವರಗಳ ನಡುವಿನ ದಾರಿಯನ್ನು. ಪಾಶ್ಚಾತ್ಯ ವಾದ್ಯಗಳಿಗೆ ಈ ಕೆಲಸ ಆಗಿದೆ. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯಂಥವರು ಪಿಟೀಲಿನ ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವ ಆ ಕ್ಷಣವನ್ನೇ ಪ್ರತ್ಯೇಕವಾಗಿ ಮುದ್ರಿಸಿ ಜೋಡಿಸುವ ಕ್ರಮವನ್ನು ಬಹಳ ಹಿಂದೆಯೇ ಬಳಕೆಗೆ ತಂದರು. ಅದೇ ಶ್ರದ್ಧೆ ನಮ್ಮ ಜಾರು, ಕಂಪಿತ, ಸ್ಫುರಿತಗಳೆಂಬ ಗಮಕಗಳಿಗೂ ಸಲ್ಲಬೇಕು. ಒಂದು ಮೆಟ್ಟಿಲಿನ ಮೇಲೆ ಎಳೆದ ಒಂದು, ಎರಡು, ಮೂರು, ನಾಲ್ಕು ಸ್ವರಸ್ಥಾನಗಳ ಎಳೆತಗಳನ್ನು ನಿಧಾನವಾಗಿಯೂ ವೇಗವಾಗಿಯೂ ಬೇರೆ ಬೇರೆ ಮುದ್ರಿಸಬೇಕು. ಕೊಡದ ಅನುರಣನವನ್ನು ತಂತಿಯ ನಾದದಿಂದ ಬಿಡಿಸಿ ಸ್ಥಿರವಾಗಿ ಇಡಬೇಕು. ಪ್ರತಿ ಬೆರಳಿನ ಅಲುಗಾಟವನ್ನೂ ಬೇರೆಯಾಗಿ ಕಳಿಸಬಲ್ಲ ಎಂಪಿಇ ಎಂಬ ಮಿಡಿ ವಿಸ್ತರಣೆಗೆ 2018ರಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದೆ. ಲೈಬ್ರರಿ ಅದಕ್ಕೆ ಓಗೊಡುವಂತಿರಬೇಕು. ಅಲ್ಲಿಯವರೆಗೆ, ಚಿತ್ರದಲ್ಲಿ ವೀಣೆ ಮುಖ್ಯ ದನಿಯಾಗಿದ್ದರೆ ದಯವಿಟ್ಟು ಒಬ್ಬ ವೈಣಿಕರನ್ನೇ ಕರೆಯಿರಿ.

ಪ್ರಶ್ನೆ: ಒಳ್ಳೆಯ ಲೈಬ್ರರಿಗಳೆಲ್ಲ ಏಕೆ ಅಷ್ಟು ದೊಡ್ಡವು? ನನ್ನ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಮಾತ್ರ ಇದೆ. (ಶಿವಮೊಗ್ಗ)

ಉತ್ತರ: ವೀಣೆಯಲ್ಲೇ ಲೆಕ್ಕ ಹಾಕೋಣ. ನಾಲ್ಕು ತಂತಿ, 24 ಮೆಟ್ಟಿಲು, ಒಟ್ಟು 96 ನೆಲೆಗಳು. ಮೆಲ್ಲಗಿನ ಮೀಟಿನಿಂದ ಜೋರಿನ ಮೀಟಿನವರೆಗೆ ಐದು ಹಂತಗಳು. ಒಂದೇ ನಾದ ಪದೇ ಪದೇ ಬಂದಾಗ ಯಂತ್ರದಂತೆ ಕೇಳದಿರಲು ಪ್ರತಿಯೊಂದಕ್ಕೂ ನಾಲ್ಕು ಪರ್ಯಾಯ ಮುದ್ರಣಗಳು. ಇದನ್ನೇ ರೌಂಡ್ ರಾಬಿನ್ ಎನ್ನುತ್ತಾರೆ. ಅಲ್ಲಿಗೆ 1,920 ಮುದ್ರಣಗಳಾದವು. ಒಂದೊಂದೂ ಆರು ಸೆಕೆಂಡ್ ಇದ್ದರೆ ಮೂರು ಗಂಟೆ ಹನ್ನೆರಡು ನಿಮಿಷಗಳ ಧ್ವನಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ ಅದು ಸುಮಾರು 3.3 ಜಿಬಿ. ಇಷ್ಟರಲ್ಲಿ ಒಂದು ಗಮಕವೂ ಸೇರಿಲ್ಲ. ಆದರೂ ಹೆದರಬೇಡಿ: ಸ್ಯಾಂಪ್ಲರ್‌ಗಳು ಪ್ರತಿ ಮುದ್ರಣದ ಆರಂಭದ ತುಣುಕನ್ನಷ್ಟೇ ರ‍್ಯಾಮಿನಲ್ಲಿ ಇಟ್ಟುಕೊಂಡು ಉಳಿದುದನ್ನು ಡಿಸ್ಕಿನಿಂದ ಓದಿಕೊಳ್ಳಬಲ್ಲವು. ಹಣ ಕೂಡಿಸುವುದಾದರೆ ಮೊದಲು ಒಂದು ಎಸ್‌ಎಸ್‌ಡಿ ಕೊಳ್ಳಿ.

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಮಗಳು ಐದು ಮನೆ ಶ್ರುತಿಯಲ್ಲಿ ಹಾಡುತ್ತಾಳೆ. ಸ್ಯಾಂಪಲ್ ತಂಬೂರಿ ಹಾಕಿ, ಅದರ ಮೇಲೆ ಕೊಳಲಿನ ಲೈಬ್ರರಿಯಲ್ಲಿ ಮಾಯಾಮಾಳವಗೌಳದ ಸರಳೆಗಳನ್ನು ನುಡಿಸಿ ಕೊಟ್ಟರೆ, ಗಾಂಧಾರದಲ್ಲಿ ಕಿರಿಕಿರಿಯಾಗುತ್ತದೆ ಎನ್ನುತ್ತಾಳೆ. ನನಗೇನೂ ಗೊತ್ತಾಗುವುದಿಲ್ಲ.

ಉತ್ತರ: ಮಗಳ ಕಿವಿ ಬಹಳ ಚೆನ್ನಾಗಿದೆ, ಅದನ್ನು ನಂಬಿ. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಮೇಲೆ ಪ್ರತಿ ತಂತಿಯ ಕೆಳಗೂ ಸಣ್ಣ ನೂಲಿನ ಎಳೆಯೊಂದನ್ನು ಸಿಕ್ಕಿಸಿ ಜೀವಾಳಿ ಕೂರಿಸುತ್ತಾರೆ. ಅದು ಸರಿಯಾದ ಜಾಗಕ್ಕೆ ಬಂದಾಗ ಷಡ್ಜದ ತಂತಿಯೊಳಗಿನಿಂದ, ಯಾರೂ ನುಡಿಸದೆ, ಮಾಯಾಮಾಳವಗೌಳದಲ್ಲೂ ಬರುವ ಅಂತರ ಗಾಂಧಾರ ಕೇಳತೊಡಗುತ್ತದೆ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರವೆಂದು ಕರೆದಿದ್ದಾರೆ. ಅದು ತಂತಿಯ ಐದನೆಯ ಅನುಸ್ವರ, ಅಂದರೆ ಮೂಲ ಕಂಪನದ ಐದರಷ್ಟು ವೇಗದ ಕಂಪನ. ಷಡ್ಜ 196 ಹರ್ಟ್ಸ್ ಆದರೆ ಅದು 980 ಹರ್ಟ್ಸ್. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಕೀಬೋರ್ಡಿನಲ್ಲಿ ಅದೇ ಎತ್ತರದ ಗಾಂಧಾರ ಸುಮಾರು 988ಕ್ಕೆ ಬೀಳುತ್ತದೆ. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಎಂಟು ಸಲ ನಾದ ತುಯ್ಯುತ್ತದೆ. ಮಗಳಿಗೆ ಕಿರಿಕಿರಿ ಮಾಡಿದ್ದು ಆ ತುಯ್ತವೇ.

ಕೊಳಲಿನ ಲೈಬ್ರರಿಯಲ್ಲಿ ಶ್ರುತಿಯನ್ನು ಸ್ವರ ಸ್ವರಕ್ಕೂ ತಿದ್ದುವ ಸೌಕರ್ಯ ಇದ್ದರೆ ಅಂತರ ಗಾಂಧಾರವನ್ನು 14 ಸೆಂಟ್‌ನಷ್ಟು ಇಳಿಸಿ. ಒಂದು ಸ್ವರಸ್ಥಾನಕ್ಕೆ 100 ಸೆಂಟ್ ಎಂಬುದು ಲೆಕ್ಕ. ಇಂಥ ಸೌಕರ್ಯವನ್ನು ಭಾರತೀಯ ವಾದ್ಯಗಳ ಲೈಬ್ರರಿಗಳಲ್ಲಿ ಹುಡುಕಿ ತೆಗೆಯಬೇಕಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅದು ಮೊದಲ ಪರದೆಯಲ್ಲೇ, ಷಡ್ಜವನ್ನು ಆರಿಸಿಕೊಳ್ಳುವ ಜಾಗದ ಪಕ್ಕದಲ್ಲೇ ಇರಬೇಕಾದದ್ದು.

ಪ್ರಶ್ನೆ: ಯಕ್ಷಗಾನದ ಚಂಡೆಗೆ ಒಳ್ಳೆಯ ಲೈಬ್ರರಿ ಸಿಗುತ್ತಿಲ್ಲ. ನಾವೇ ಮಾಡೋಣವೆಂದಿದ್ದೇವೆ. ಯಾವುದಕ್ಕೆ ಗಮನ ಕೊಡಬೇಕು? (ಉಡುಪಿ ಜಿಲ್ಲೆಯ ಯುವಕರ ತಂಡ)

ಉತ್ತರ: ಮೊದಲು ಯಕ್ಷಗಾನದ ಯಾವ ತಿಟ್ಟಿನ, ಅಂದರೆ ಯಾವ ಶೈಲಿಯ, ಚಂಡೆ ಎಂದು ನಿರ್ಧರಿಸಿ, ಹೆಸರಿನಲ್ಲೇ ಅದನ್ನು ಬರೆಯಿರಿ. ಹೆಗಲಿಗೆ ತೂಗುಹಾಕಿ ನಿಂತು ಬಾರಿಸುವ ತೆಂಕಿನ ಚೆಂಡೆಯೂ, ಭಾಗವತರ ಶ್ರುತಿಗೆ ಹೊಂದಿಸಿಕೊಂಡು ಕುಳಿತು ನುಡಿಸುವ ಬಡಗಿನ ಚಂಡೆಯೂ ಬೇರೆ ಬೇರೆ ದನಿಗಳು. ಎರಡನ್ನೂ ಒಂದೇ ಫೋಲ್ಡರಿಗೆ ತುಂಬಿದರೆ ಬಳಸುವವರು ದಾರಿ ತಪ್ಪುತ್ತಾರೆ. ಆಮೇಲೆ, ಬಿಡಿ ಪೆಟ್ಟುಗಳನ್ನಷ್ಟೇ ಮುದ್ರಿಸಿ ನಿಲ್ಲಿಸಬೇಡಿ. ಎರಡು ಕೋಲುಗಳು ಒಂದರ ಬೆನ್ನಿಗೊಂದು ಬೀಳುವ ಉರುಳಿಕೆಯಲ್ಲಿ ಎರಡನೆಯ ಪೆಟ್ಟು, ಮೊದಲನೆಯದರಿಂದ ಇನ್ನೂ ನಡುಗುತ್ತಿರುವ ಚರ್ಮದ ಮೇಲೆ ಬೀಳುತ್ತದೆ. ಶಾಂತವಾದ ಚರ್ಮದ ಮೇಲಿನ ಪೆಟ್ಟುಗಳನ್ನು ಸಾಲಾಗಿ ಪೋಣಿಸಿದರೆ ಆ ಕಾವು ಎಂದೂ ಬರುವುದಿಲ್ಲ. ಆದ್ದರಿಂದ ಉರುಳಿಕೆಗಳನ್ನು ನಾಲ್ಕೈದು ವೇಗಗಳಲ್ಲಿ ಇಡಿಯಾಗಿ ಮುದ್ರಿಸಿ, ಎಡ ಮತ್ತು ಬಲ ಕೈಗಳ ಪೆಟ್ಟುಗಳನ್ನು ಬೇರೆ ಬೇರೆ ಗುರುತಿಸಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವ ಹೀರಿದ ಚರ್ಮ ಗಂಟೆ ಗಂಟೆಗೂ ಇಳಿಯುತ್ತದೆ, ಬೆಳಿಗ್ಗೆಯ ಪೆಟ್ಟಿಗೂ ಸಂಜೆಯ ಪೆಟ್ಟಿಗೂ ಹೊಂದಿಕೆ ಬರುವುದಿಲ್ಲ. ಮೈಕ್ರೊಫೋನನ್ನು ಹತ್ತಿರ ಒಂದು, ಭಾಗವತರು ಕೂರುವಷ್ಟು ದೂರದಲ್ಲಿ ಒಂದು, ಬಯಲಿನ ಪ್ರೇಕ್ಷಕರ ಜಾಗದಲ್ಲಿ ಒಂದು ಇಟ್ಟು ಮೂರನ್ನೂ ಬೇರೆಯಾಗಿ ಉಳಿಸಿಕೊಳ್ಳಿ. ಚಂಡೆಯನ್ನು ನಮ್ಮಲ್ಲಿ ಬಹಳಷ್ಟು ಜನ ಮೊದಲು ಕೇಳಿದ್ದು ಗದ್ದೆಯಾಚೆಯಿಂದ, ರಾತ್ರಿಯ ಗಾಳಿಯಲ್ಲಿ. ಆ ದೂರದ ದನಿ ಲೈಬ್ರರಿಯಲ್ಲಿ ಇರಲೇಬೇಕೆಂಬುದು ನನ್ನ ಆಸೆ.

ಪ್ರಶ್ನೆ: ನಮ್ಮ ಭಾಗದ ಹಿರಿಯ ಜೋಗತಿಯೊಬ್ಬರ ಚೌಡಿಕೆಯನ್ನು ಫೋನಿನಲ್ಲಿ ಮುದ್ರಿಸಿಕೊಂಡಿದ್ದೇನೆ. ಅದರಿಂದ ಲೈಬ್ರರಿ ಮಾಡಿ ಮಾರಬಹುದೇ? (ವಿಜಯನಗರ ಜಿಲ್ಲೆ)

ಉತ್ತರ: ಅವರನ್ನು ಕೇಳಿದಿರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ನುಡಿಸುವವರಿಗೂ ಹಾಡುವವರಿಗೂ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕು ದೊರೆತಿದೆ, ಈಗ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಅವರಿಗೆ ಗೌರವಧನದ ಪಾಲನ್ನೂ ಗಟ್ಟಿಮಾಡಿತು. ಫೋನಿನಲ್ಲಿ ಹಿಡಿದದ್ದನ್ನು ಬದಿಗಿಡಿ. ಮತ್ತೆ ಅವರ ಬಳಿಗೆ ಹೋಗಿ, ಅವರ ಒಂದೊಂದು ಮೀಟೂ ಮುಂದೆ ಯಾರ್ಯಾರದೋ ಹಾಡಿನಲ್ಲಿ, ಜಾಹೀರಾತಿನಲ್ಲಿ ಕೇಳಿಬರಬಹುದು ಎಂಬುದನ್ನು ಬಿಡಿಸಿ ಹೇಳಿ. ಎಲ್ಲಮ್ಮನ ಸೇವೆಯ ವಾದ್ಯವನ್ನು ಎಲ್ಲೆಂದರಲ್ಲಿ ಬಳಸುವುದು ಅವರಿಗೆ ಒಪ್ಪಿಗೆಯಾಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಪ್ಪಿದರೆ ಕನ್ನಡದಲ್ಲೇ ಒಂದು ಪುಟದ ಒಪ್ಪಂದ ಬರೆದು, ಓದಿ ಕೇಳಿಸಿ, ಮುಂಗಡ ಹಣವನ್ನೂ ಮಾರಾಟದ ಪಾಲನ್ನೂ ಅದರಲ್ಲಿ ನಮೂದಿಸಿ.

ಮುದ್ರಣದ ವಿಷಯದಲ್ಲಿ ಒಂದು ಮಾತು. ಚೌಡಿಕೆಯನ್ನು ಕಂಕುಳಲ್ಲಿ ಅವುಚಿಕೊಂಡು, ಒಂದು ಕೈಯಲ್ಲಿ ತಂತಿಯನ್ನು ಬಿಗಿದು ಸಡಿಲಿಸುತ್ತಲೇ ಇನ್ನೊಂದು ಕೈಯಲ್ಲಿ ಮೀಟುತ್ತಾರೆ. ಅಲ್ಲಿ ಬಿಗಿತವನ್ನೂ ಮೀಟನ್ನೂ ಬೇರ್ಪಡಿಸಲಾಗದು. ಹಾಸನದ ಓದುಗರಿಗೆ ವೀಣೆಯ ಬಗ್ಗೆ ಹೇಳಿದ್ದು ಇಲ್ಲಿ ಇನ್ನೂ ಹೆಚ್ಚು ಸಲ್ಲುತ್ತದೆ: ಅವರಿಂದ ಬಿಡಿ ನಾದಗಳನ್ನು ಕೇಳಬೇಡಿ, ಪದ ಹಾಡುವಾಗ ನುಡಿಸುವಂತೆಯೇ ನುಡಿಸಲಿ, ಕತ್ತರಿಸಿ ಹೊಂದಿಸುವ ಶ್ರಮ ನಿಮ್ಮದಾಗಲಿ. ಪ್ರತಿ ಮುದ್ರಣದ ಮೊದಲಿಗೆ ಅವರ ಹೆಸರು, ಊರು, ದಿನಾಂಕಗಳನ್ನು ಅವರ ಬಾಯಿಂದಲೇ ಹೇಳಿಸಿ ಉಳಿಸಿಕೊಳ್ಳಿ. ಲೈಬ್ರರಿಯನ್ನು ತೆರೆದ ಕೂಡಲೇ ಕಾಣುವ ಜಾಗದಲ್ಲಿ, ನಿಮ್ಮ ಹೆಸರಿಗಿಂತ ಮೇಲೆ, ಅವರ ಒಪ್ಪಿಗೆಯಿದ್ದರೆ ಅವರ ಹೆಸರನ್ನು ಬರೆಯಿರಿ.